ಸ್ಮಾರ್ಟ್ ಬೋರ್ಡೋ, ಟ್ಯಾಬೋ, ಮೇಷ್ಟ್ರ ಒಂದೇ ಮೊಬೈಲೋ? ಮಕ್ಕಳೇ ಮಾಡುವ ಪಾಠಕ್ಕೆ ಯಾವುದು ಹೊಂದುತ್ತದೆ

"ಹಳೆ ವಿದ್ಯಾರ್ಥಿಗಳು ಅರವತ್ತು ಸಾವಿರ ಕೊಡ್ತೀವಿ ಅಂದಿದ್ದಾರೆ. ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಸಮಿತಿಯವರಿಗೆ) ಸ್ಮಾರ್ಟ್ ಬೋರ್ಡ್ ಬೇಕು, ಗಣಿತದ ಮೇಡಂ ಟ್ಯಾಬ್ ಕೇಳ್ತಿದ್ದಾರೆ, ಎಚ್.ಎಂ. ಪ್ರೊಜೆಕ್ಟರ್ ಸಾಕು ಅಂತಾರೆ. ಯಾವುದು ತಗೊಳ್ಳೋದು ಸಾರ್?" ಈ ಪ್ರಶ್ನೆ ಕೇಳುವ ಶಿಕ್ಷಕ ಗೆಳೆಯರು ಬಹಳ. ಇನ್ನು ಕೆಲವರ ಪ್ರಶ್ನೆ ಬೇರೆಯೇ: "ದುಡ್ಡೂ ಇಲ್ಲ, ನೆಟ್ಟೂ ಇಲ್ಲ. ಇರೋದು ನನ್ನ ಮೊಬೈಲ್ ಒಂದೇ. ಅದರಲ್ಲಿ ಏನಾದ್ರೂ ಆಗುತ್ತಾ?"

ಇಬ್ಬರ ಪ್ರಶ್ನೆಗೂ ಉತ್ತರವಿದೆ. ಆದರೆ ಅಂಗಡಿಯ ಪಟ್ಟಿ ಹಿಡಿದು ಹುಡುಕಿದರೆ ಅದು ಸಿಗುವುದಿಲ್ಲ. ತರಗತಿಯಲ್ಲಿ ಏನಾಗಬೇಕು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಂಡು ಆಮೇಲೆ ವಸ್ತುವಿಗೆ ಬರಬೇಕು. ನಾನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಕನ್ನಡ ಮಾಧ್ಯಮದ 8ರಿಂದ 10ನೇ ತರಗತಿ, ನಲವತ್ತೈದು ಮಕ್ಕಳು, 40 ನಿಮಿಷದ ಪೀರಿಯಡ್. ನನ್ನ ವಿಷಯ ವಿಜ್ಞಾನವಾದ್ದರಿಂದ ಉದಾಹರಣೆಗಳು ಆ ಕಡೆಗೆ ವಾಲಿವೆ. ಚಿಕ್ಕ ಮಕ್ಕಳಿಗೆ ಕಲಿಸುವವರಿಗಾಗಿ ನಡುವೆ ಒಂದೆರಡು ಮಾತು ಹೇಳಿದ್ದೇನೆ.

ಯಾವ ಅಳತೆಯಲ್ಲಿ ತೂಗಬೇಕು

ನನ್ನ ಮೊದಲ ಅಳತೆ ಇದು. ಪೀರಿಯಡ್‌ನ ಯಾವುದೋ ಒಂದು ನಿಮಿಷದಲ್ಲಿ ಕಿಟಕಿಯಿಂದ ಒಳಗೆ ಇಣುಕಿದರೆ, ಎಷ್ಟು ಮಕ್ಕಳು ಏನನ್ನಾದರೂ ಊಹಿಸುತ್ತಿದ್ದಾರೆ, ಅಳೆಯುತ್ತಿದ್ದಾರೆ, ವಾದಿಸುತ್ತಿದ್ದಾರೆ, ತಿದ್ದಿಕೊಳ್ಳುತ್ತಿದ್ದಾರೆ? ನಲವತ್ತೈದರಲ್ಲಿ ನಲವತ್ತು ಮಂದಿ ಎಂದರೆ ಅದು ಮಕ್ಕಳ ಪಾಠ. ಮೇಷ್ಟ್ರು ಒಬ್ಬರೇ ಪರದೆ ಮುಟ್ಟುತ್ತಿದ್ದು ಉಳಿದವರೆಲ್ಲ ಕೈಕಟ್ಟಿ ನೋಡುತ್ತಿದ್ದರೆ, ಪರದೆ ಒಂದೂವರೆ ಲಕ್ಷದ್ದಾದರೂ ಅದು ಹಳೆಯ ಉಪನ್ಯಾಸವೇ. ಈ ಬರಹದಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿರುವುದು ಈ ಅಳತೆಗೆ.

ಎರಡನೆಯದು ಕರೆಂಟ್ ಮತ್ತು ನೆಟ್. "ನಮ್ಮಲ್ಲಿ ನೆಟ್ ಇದೆ" ಎಂದರೆ ಸಾಲದು. ನೀವು ಪಾಠ ಮಾಡುವ ಆ ಕೋಣೆಯಲ್ಲಿ, ನಿಮ್ಮ ಪೀರಿಯಡ್‌ನ ಹೊತ್ತಿಗೆ, ನಲವತ್ತು ಸಾಧನಗಳಿಗೆ ಸಾಕಾಗುವಷ್ಟು ಇದೆಯೇ? ಇಲ್ಲವಾದರೆ ಮೊದಲೇ ಡೌನ್‌ಲೋಡ್ ಮಾಡಿಟ್ಟು ನಡೆಸಬಹುದಾದದ್ದಕ್ಕೆ ಮಾತ್ರ ಕೈಹಾಕಿ.

ಮೂರನೆಯದು ಭಾಷೆ. ಪಠ್ಯಪುಸ್ತಕ 'ಸರಣಿ ಜೋಡಣೆ', 'ಸಮಾಂತರ ಜೋಡಣೆ' ಎನ್ನುತ್ತದೆ, ಪರದೆ ಇಂಗ್ಲಿಷಿನಲ್ಲಿ ಬೇರೇನೋ ಹೇಳುತ್ತದೆ ಎಂದಾದರೆ ಮಗುವಿನ ಅರ್ಧ ಗಮನ ಆ ಎರಡನ್ನು ಹೊಂದಿಸುವುದಕ್ಕೇ ಹೋಗುತ್ತದೆ.

ನಾಲ್ಕನೆಯದು ನಿಮ್ಮ ಸಮಯ. ವಾರಕ್ಕೆ ಇಪ್ಪತ್ತೈದಕ್ಕೂ ಹೆಚ್ಚು ಪೀರಿಯಡ್, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನದ) ಪುಸ್ತಕಗಳ ನಡುವೆ ಒಂದು ಪಾಠದ ತಯಾರಿಗೆ ಎರಡು ಗಂಟೆ ಬೇಕೆಂದರೆ ಆ ಸಾಧನ ದಸರಾ ರಜೆಯವರೆಗೂ ಬದುಕುವುದಿಲ್ಲ.

ಐದನೆಯದು ಖರ್ಚು. ಕೊಂಡ ದಿನದ ಬೆಲೆಯನ್ನಷ್ಟೇ ನೋಡಬೇಡಿ, ಮೂರು ವರ್ಷದ ಖರ್ಚನ್ನು ಒಟ್ಟಿಗೆ ಲೆಕ್ಕ ಹಾಕಿ. ಯುಪಿಎಸ್ ಬ್ಯಾಟರಿ, ಕೇಬಲ್, ರಿಪೇರಿ, ಬೀಗ ಹಾಕಿಡಲು ಕಬ್ಬಿಣದ ಬೀರು, ಎಲ್ಲವೂ ಆ ಲೆಕ್ಕಕ್ಕೇ ಸೇರಬೇಕು.

ಕೊನೆಯದು ಮಕ್ಕಳ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ಮಗುವಿನ ಹೆಸರು, ಫೋನ್ ನಂಬರ್, ಫೋಟೊ ಕೇಳುವ ಆ್ಯಪ್‌ಗಿಂತ ಕ್ರಮಸಂಖ್ಯೆಯಲ್ಲೇ ನಡೆಯುವ ಆ್ಯಪ್ ಮೇಲು.

ದೊಡ್ಡ ಪರದೆ: ಟಿ.ವಿ., ಪ್ರೊಜೆಕ್ಟರ್, ಸ್ಮಾರ್ಟ್ ಪ್ಯಾನೆಲ್

ಹೆಚ್ಚಿನ ಶಾಲೆಗಳು ಮೊದಲು ಕೊಳ್ಳುವುದು ಇದನ್ನೇ, ಏಕೆಂದರೆ ಇದು ಎಲ್ಲರ ಕಣ್ಣಿಗೆ ಬೀಳುತ್ತದೆ, ಉದ್ಘಾಟನೆಗೂ ಚೆನ್ನಾಗಿರುತ್ತದೆ. ಇದರ ಬಗ್ಗೆ ನನಗೆ ಮುನಿಸೇನಿಲ್ಲ. ಕೋಶ ವಿಭಜನೆಯನ್ನೋ ಹಂಪಿಯ ಕಲ್ಲಿನ ರಥವನ್ನೋ ಎಲ್ಲರೂ ಒಟ್ಟಿಗೆ ನೋಡಬೇಕೆಂದಾಗ ಪರದೆಗೆ ಸಾಟಿಯಿಲ್ಲ.

ಮೂರರಲ್ಲಿ ಯಾವುದು ಎಂಬುದನ್ನು ಕೋಣೆಯೇ ತೀರ್ಮಾನಿಸುತ್ತದೆ. 43 ಇಂಚಿನ ಟಿ.ವಿ.ಯ ಪರದೆಯ ಎತ್ತರ ಸುಮಾರು 53 ಸೆಂ.ಮೀ. ಅಕ್ಷರ ಓದಿಸಬೇಕಾದರೆ ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು ಎಂಬ ಹಳೆಯ ಲೆಕ್ಕವೊಂದಿದೆ. ಹಾಗೆ ನೋಡಿದರೆ ಮೂರು ಮೀಟರ್ ಚಿಲ್ಲರೆ ದೂರಕ್ಕೇ ಈ ಟಿ.ವಿ.ಯ ಕೆಲಸ ಮುಗಿಯಿತು; ನಲವತ್ತೈದು ಮಕ್ಕಳ ಕೋಣೆಯಲ್ಲಿ ಹಿಂದಿನ ಮೂರು ಬೆಂಚಿನವರಿಗೆ ಚಿತ್ರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. 65 ಇಂಚಿನದು ಐದು ಮೀಟರ್ ಹತ್ತಿರಕ್ಕೆ ಬರುತ್ತದೆ. ಪ್ರೊಜೆಕ್ಟರ್ ಚಿತ್ರವನ್ನು ಬೇಕಾದಷ್ಟು ದೊಡ್ಡದು ಮಾಡುತ್ತದೆ, ಆದರೆ ಕತ್ತಲೆ ಬೇಡುತ್ತದೆ. ಪರದೆ ಬಟ್ಟೆಯಿಲ್ಲದ ಕಿಟಕಿಗಳ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಸಾಧಾರಣ ಪ್ರೊಜೆಕ್ಟರ್ ಹಚ್ಚಿದರೆ ಗೋಡೆಯ ಮೇಲೆ ಬೂದಿ ಬಣ್ಣ ಮಾತ್ರ ಕಾಣುತ್ತದೆ. ಕಿಟಕಿ ಮುಚ್ಚಿದರೆ ಸೆಕೆ, ಜೊತೆಗೆ ಮಕ್ಕಳಿಗೆ ಬರೆದುಕೊಳ್ಳಲು ಬೆಳಕಿಲ್ಲ.

ಸ್ಮಾರ್ಟ್ ಪ್ಯಾನೆಲ್‌ನಲ್ಲಿ ಹೆಚ್ಚುವರಿಯಾಗಿ ಸಿಗುವುದು ಮುಟ್ಟಿ ಬರೆಯುವ ಸೌಲಭ್ಯ. ಒಂದು ಲಕ್ಷದ ಆಸುಪಾಸಿನಿಂದ ಅದರ ಬೆಲೆ ಶುರು, ಹಾಗಾಗಿ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಒಮ್ಮೆಗೆ ಎಷ್ಟು ಮಕ್ಕಳು ಅದನ್ನು ಮುಟ್ಟಬಲ್ಲರು? ಇಬ್ಬರು, ಹೆಚ್ಚೆಂದರೆ ಮೂವರು. ಬಾಕಿ ದುಡ್ಡೆಲ್ಲ ಶಿಕ್ಷಕರ ಅನುಕೂಲಕ್ಕೆ ಹೋದಂತೆ. ಕಾರ್ಯಕ್ರಮದ ಫೋಟೊಗಾಗಿ ಪ್ಯಾನೆಲ್ ಬೇಕೆನ್ನುವ ದಾನಿಗಳಿಗೆ ಈ ಮಾತನ್ನು ನಯವಾಗಿ, ಆದರೆ ಸ್ಪಷ್ಟವಾಗಿ ಹೇಳುವ ಧೈರ್ಯ ಶಾಲೆಗಿರಬೇಕು.

ಪರದೆಗೆ ಹಾಕಲು ಪಾಠ ಎಲ್ಲಿಂದ ತರುವುದು ಎಂಬ ಚಿಂತೆ ಈಗ ಅಷ್ಟಿಲ್ಲ. 2017ರ ಸೆಪ್ಟೆಂಬರ್ 5ರಂದು ಶುರುವಾದ ಸರ್ಕಾರದ ಕಲಿಕಾ ತಾಣ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಹೊಂದುವ ವಿಡಿಯೊಗಳು ಕನ್ನಡದಲ್ಲೇ ಸಿಗುತ್ತವೆ, ಆ್ಯಪ್‌ನಲ್ಲಿ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓಡುತ್ತವೆ. ಭಾಷೆಗೂ ತಯಾರಿಯ ಸಮಯಕ್ಕೂ ಪೂರ್ತಿ ಅಂಕ. ಮೊದಲ ಅಳತೆಯಲ್ಲಿ ಮಾತ್ರ ಕಡಿಮೆ, ಏಕೆಂದರೆ ವಿಡಿಯೊ ನೋಡುವುದು ನೋಡುವುದೇ. ಇದಕ್ಕೊಂದು ಸುಲಭ ಪರಿಹಾರವಿದೆ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ, "ಮುಂದೇನಾಗುತ್ತೆ? ಪಕ್ಕದವರ ಜೊತೆ ಮಾತಾಡಿ ಬರೀರಿ" ಎನ್ನಿ. ಆರು ನಿಮಿಷದ ವಿಡಿಯೊ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆ ಇಪ್ಪತ್ತು ನಿಮಿಷವೇ ನಿಜವಾದ ಪಾಠ.

ಉತ್ತರ ಕೇಳುವ ಸಾಧನಗಳು: ಪ್ಲಿಕರ್ಸ್, ಕಹೂಟ್, ಕ್ವಿಜಿಜ್

ನನ್ನ ಒಲವು ಇರುವುದು ಇಲ್ಲಿ. ಕಾರಣ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರ ಹೊತ್ತಿಗೆ ತಮ್ಮ ಪಾಠದ ರೀತಿಯನ್ನು ಬದಲಿಸಿದರು. ಪಾಠದ ನಡುವೆ ಒಂದು ಪರಿಕಲ್ಪನೆಯ ಪ್ರಶ್ನೆ ಕೇಳುವುದು, ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಉತ್ತರ ಆರಿಸುವುದು, ಆಮೇಲೆ ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದಿಸುವುದು, ಮತ್ತೊಮ್ಮೆ ಉತ್ತರಿಸುವುದು. ಮೊದಲ ಸುತ್ತಿನಲ್ಲಿ ಸರಿಯುತ್ತರ 30ರಿಂದ 70 ಶೇಕಡದ ನಡುವೆ ಇದ್ದರೆ ಚರ್ಚೆ ಕಾವೇರುತ್ತದೆ. ಅದಕ್ಕಿಂತ ಕಡಿಮೆಯಾದರೆ ಮತ್ತೆ ವಿವರಿಸಬೇಕು, ಹೆಚ್ಚಾದರೆ ಮುಂದೆ ಸಾಗಬೇಕು. ತಂತ್ರಜ್ಞಾನದ ಕೆಲಸ ಇಲ್ಲಿ ಒಂದೇ: ಎಲ್ಲರ ಉತ್ತರವನ್ನೂ ಒಂದು ನಿಮಿಷದಲ್ಲಿ, ಯಾರನ್ನೂ ನಾಚಿಸದೆ ಕೂಡಿಸಿಕೊಡುವುದು.

ಇದಕ್ಕೆ ಅಗ್ಗದ ದಾರಿ ಪ್ಲಿಕರ್ಸ್. ಪ್ರತಿ ಮಗುವಿಗೆ ಒಂದು ಕಾಗದದ ಕಾರ್ಡು. ಮೇಲೆ ಕಪ್ಪು ಬಿಳುಪಿನ ಚೌಕಗಳ ವಿನ್ಯಾಸ, ಒಂದೊಂದು ಕಾರ್ಡಿನದು ಒಂದೊಂದು ಥರ. ನಾಲ್ಕು ಅಂಚುಗಳಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಅಕ್ಷರಗಳಿರುತ್ತವೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ಎತ್ತಿ ಹಿಡಿಯುತ್ತದೆ. ನೀವು ಮೊಬೈಲ್ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸಿದರೆ ಸಾಕು, ಯಾವ ನಂಬರಿನವರು ಏನು ಹೇಳಿದರು ಎಂಬುದು ಫೋನಿಗೆ ಬಂದುಬಿಡುತ್ತದೆ. ಕಾರ್ಡುಗಳ ವಿನ್ಯಾಸ ಬೇರೆ ಬೇರೆ ಇರುವುದರಿಂದ ಪಕ್ಕದವರದ್ದು ನೋಡಿ ಹಾಗೇ ಹಿಡಿಯಲು ಬರುವುದಿಲ್ಲ. ಯಾವತ್ತೂ ಕೈ ಎತ್ತದ ಹುಡುಗಿಯ ಉತ್ತರವೂ ಮೊದಲ ಬೆಂಚಿನ ಹುಡುಗನ ಉತ್ತರದ ಜೊತೆಗೇ ಬರುತ್ತದೆ ಎಂಬುದು ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ಮಕ್ಕಳ ಕೈಯಲ್ಲಿ ಮೊಬೈಲ್ ಬೇಡ, ಹೆಸರು ಹಾಕಬೇಕಿಲ್ಲ, ಕ್ರಮಸಂಖ್ಯೆ ಸಾಕು. ಖರ್ಚು ಎಂದರೆ ಜೆರಾಕ್ಸ್ ಮತ್ತು ಅಂಟಿಸಲು ರಟ್ಟು. ಹೊಳೆಯುವ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಬೆಳಕು ಪ್ರತಿಫಲಿಸಿ ಕ್ಯಾಮೆರಾಕ್ಕೆ ಕಾರ್ಡು ಸಿಗುವುದಿಲ್ಲ. ಶಿಕ್ಷಕರ ಫೋನಿಗೆ ಡೇಟಾ ಬೇಕು, ಉಚಿತ ಖಾತೆಗೆ ಕೆಲವು ಮಿತಿಗಳಿವೆ, ಪ್ರಶ್ನೆಯೂ ಬಹು ಆಯ್ಕೆಯದ್ದೇ ಆಗಿರಬೇಕು. ಇವು ಅದರ ಕೊರತೆಗಳು.

2013ರಲ್ಲಿ ನಾರ್ವೆಯಿಂದ ಬಂದ ರಸಪ್ರಶ್ನೆ ಆಟ ಕಹೂಟ್‌ಗೆ ಮಕ್ಕಳು ಕುಣಿದಾಡುತ್ತಾರೆ, ಅದು ನಿಜ. ಆದರೆ ಅದಕ್ಕೆ ಪ್ರತಿ ಮಗುವಿಗೆ ಅಥವಾ ಪ್ರತಿ ಗುಂಪಿಗೆ ಒಂದು ಸಾಧನ ಬೇಕು, ನೆಟ್ ಬೇಕು. ಜೊತೆಗೆ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಸಿಗುವ ಆಟ ಅದು. ನಿಧಾನವಾಗಿ ಓದುವ ಮಗು ಮೂರನೇ ಪ್ರಶ್ನೆಯ ಹೊತ್ತಿಗೆ ಓದುವುದನ್ನೇ ಬಿಟ್ಟು ಸುಮ್ಮನೆ ಒತ್ತತೊಡಗುತ್ತದೆ. ಬಳಸುವುದಾದರೆ ಪ್ರತಿ ಪ್ರಶ್ನೆಯ ಸಮಯವನ್ನು ಹೆಚ್ಚಿಸಿ. ನಾಲ್ಕು ನಿಮಿಷದವರೆಗೂ ಇಡಬಹುದು. ಪಾಠದ ಕೊನೆಯ ಪುನರಾವರ್ತನೆಗೆ ಅದು ಒಳ್ಳೆಯದು, ಹೊಸ ಪರಿಕಲ್ಪನೆ ಕಲಿಸುವಾಗ ಬೇಡ.

ಕ್ವಿಜಿಜ್ ನಮ್ಮ ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ್ದು, 2025ರಿಂದ ಅದರ ಹೆಸರು ವೇಗ್ರೌಂಡ್. ಇದರಲ್ಲಿ ಮಗು ತನ್ನ ವೇಗದಲ್ಲೇ ಸಾಗಬಹುದು, ಆದ್ದರಿಂದ ಕಂಪ್ಯೂಟರ್ ಲ್ಯಾಬ್ ಇರುವ ಶಾಲೆಗೆ ಕಹೂಟ್‌ಗಿಂತ ಇದು ಮೇಲು. ಪ್ಲಿಕರ್ಸ್ ಮಾದರಿಯ ಕಾಗದದ ಕಾರ್ಡಿನ ವಿಧಾನವೂ ಅದರಲ್ಲಿದೆ.

ಈ ಮೂರರಲ್ಲೂ ಸಾಧನಕ್ಕಿಂತ ಪ್ರಶ್ನೆ ಮುಖ್ಯ. "ವಿದ್ಯುತ್ ಪ್ರವಾಹದ ಏಕಮಾನ ಯಾವುದು?" ಎಂದು ಕೇಳಿದರೆ ವಾದಿಸಲು ಏನೂ ಇಲ್ಲ. ಇದನ್ನು ಕೇಳಿ ನೋಡಿ: ಒಂದೇ ಬಗೆಯ ಮೂರು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ, ಯಾವುದು ಹೆಚ್ಚು ಪ್ರಕಾಶವಾಗಿ ಉರಿಯುತ್ತದೆ? ಎ: ಬ್ಯಾಟರಿಯ ಧನ ತುದಿಗೆ ಹತ್ತಿರದ್ದು. ಬಿ: ನಡುವಿನದು. ಸಿ: ಋಣ ತುದಿಗೆ ಹತ್ತಿರದ್ದು. ಡಿ: ಮೂರೂ ಒಂದೇ ಸಮ. ಕರೆಂಟು ಮೊದಲ ಬಲ್ಬಿನಲ್ಲೇ ಅರ್ಧ 'ಖರ್ಚಾಗಿಬಿಡುತ್ತದೆ' ಎಂಬ ನಂಬಿಕೆ ಮಕ್ಕಳಲ್ಲಿ ಬಲವಾಗಿರುವುದರಿಂದ 'ಎ' ಎನ್ನುವವರು ಬಹಳ ಇರುತ್ತಾರೆ. ಸರಿಯುತ್ತರ ಹೇಳಬೇಡಿ. ಮೂರು ನಿಮಿಷ ವಾದಿಸಲು ಬಿಟ್ಟು ಮತ್ತೆ ಕಾರ್ಡು ಎತ್ತಿಸಿ. ಆಮೇಲೆ ಯಾರು ಸರಿ ಎಂದು ಪರೀಕ್ಷಿಸುವುದು ಹೇಗೆ? ಮುಂದಿನ ಸಾಧನ ಕೈಗೆ ಬರುವುದು ಆಗ.

ಸಿಮ್ಯುಲೇಶನ್: ಫೆಟ್ ಮತ್ತು ಜಿಯೋಜೀಬ್ರಾ

ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಫೆಟ್, ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳ (ಸಿಮ್ಯುಲೇಶನ್) ತಾಣ, ಪೂರ್ತಿ ಉಚಿತ. ಒಂದೊಂದು ಪ್ರಯೋಗವೂ ಒಂದೊಂದು ಫೈಲ್ ಆಗಿ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಈಚಿನ ಬ್ರೌಸರ್ ಇರುವ ಹಳೆ ಕಂಪ್ಯೂಟರಿನಲ್ಲೂ ನೆಟ್ ಇಲ್ಲದೆ ಓಡುತ್ತದೆ. ಹಲವು ಪ್ರಯೋಗಗಳಿಗೆ ಕನ್ನಡ ಅನುವಾದವೂ ಇದೆ. ವಿದ್ಯುತ್ ಮಂಡಲದ ಕಿಟ್ ತೆರೆದು ಬ್ಯಾಟರಿ, ತಂತಿ, ಮೂರು ಬಲ್ಬು ಎಳೆದು ಜೋಡಿಸಿದರೆ ಎಲೆಕ್ಟ್ರಾನುಗಳು ತಂತಿಯಲ್ಲಿ ಸಾಲಾಗಿ ಸಾಗುವುದು ಕಾಣುತ್ತದೆ. ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ ಇಟ್ಟರೂ ಮೂರನೆಯದರ ಆಚೆ ಇಟ್ಟರೂ ಅಂಕಿ ಅದೇ. ವಾದದಲ್ಲಿ ಗೆದ್ದವರ ಮುಖವನ್ನೂ ಸೋತವರ ಮುಖವನ್ನೂ ಆಗ ನೋಡಬೇಕು. ಅದೇ ಕಿಟ್‌ನಲ್ಲಿ ನಾಣ್ಯ, ಪೆನ್ಸಿಲ್, ರಬ್ಬರ್ ಕೂಡ ಇವೆ. ಯಾವುದರಲ್ಲಿ ಕರೆಂಟು ಹರಿಯುತ್ತದೆ ಎಂಬ ಪಟ್ಟಿಯನ್ನು ಮಕ್ಕಳೇ ಮಾಡಬಹುದು.

ಪರದೆ ಒಂದೇ ಇದ್ದರೂ ಇದನ್ನು ಮಕ್ಕಳ ಪಾಠವಾಗಿಸಬಹುದು. ಮೌಸ್ ಒಂದು ಮಗುವಿನ ಕೈಗೆ ಕೊಡಿ, ಏನು ಮಾಡಬೇಕೆಂದು ತರಗತಿಯೇ ಹೇಳಲಿ. ಆ ಮಗು ತನ್ನಿಷ್ಟದಂತೆ ಏನನ್ನೂ ಮಾಡುವಂತಿಲ್ಲ, ನೀವೂ ಬಾಯಿ ಹಾಕುವಂತಿಲ್ಲ. ಪ್ರತಿ ಹೆಜ್ಜೆಗೂ ಮೊದಲು ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಒಂದು ಎಚ್ಚರಿಕೆ: ಟಾರ್ಚ್ ಬಲ್ಬು, ಸೆಲ್ಲು, ತಂತಿ ಸಿಗುವಾಗ ಅವನ್ನು ಬಿಟ್ಟು ಪರದೆಯಲ್ಲಿ ಮಾತ್ರ ಮಾಡಿಸಬೇಡಿ. ನಿಜವಾದ ಬಲ್ಬು ಸಡಿಲವಾಗಿ ಕೂತು ಉರಿಯದೆ ಇರುತ್ತದೆ, ಸೆಲ್ಲು ಇಳಿದಿರುತ್ತದೆ. ಅದನ್ನು ಹುಡುಕಿ ಸರಿಪಡಿಸುವುದರಲ್ಲೂ ಕಲಿಕೆ ಇದೆ. ಸಿಮ್ಯುಲೇಶನ್‌ಗೆ ನಿಜವಾದ ಜಾಗ ಇರುವುದು ಕಣ್ಣಿಗೆ ಕಾಣದ ಕಡೆ: ಎಲೆಕ್ಟ್ರಾನಿನ ಚಲನೆ, ಅನಿಲದ ಅಣುಗಳು, ಪರಮಾಣು ರಚನೆ.

ಗಣಿತಕ್ಕೆ ಜಿಯೋಜೀಬ್ರಾ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ರೂಪಿಸಿದ ಈ ಗಣಿತದ ತಂತ್ರಾಂಶ ಶಾಲೆಗಳಿಗೆ ಉಚಿತ, ಮೊಬೈಲಿನಲ್ಲೂ ನೆಟ್ ಇಲ್ಲದೆ ನಡೆಯುತ್ತದೆ. ವೃತ್ತದ ಮೇಲಿನ ಬಿಂದುವನ್ನು ಎಳೆದಾಡಿದರೂ ಪರಿಧಿಯ ಕೋನ ಕೇಂದ್ರದ ಕೋನದ ಅರ್ಧವೇ ಆಗಿ ಉಳಿಯುವುದನ್ನು ತಾನೇ ಎಳೆದು ನೋಡಿದ ಮಗುವಿಗೆ ಪ್ರಮೇಯದ ಸಾಧನೆ ಬರೆಯಲು ಒಂದು ಕಾರಣ ಸಿಗುತ್ತದೆ: "ಯಾಕೆ ಬದಲಾಗ್ತಿಲ್ಲ?" ಕಲಿಯಲು ಶಿಕ್ಷಕರಿಗೆ ಸ್ವಲ್ಪ ಕಾಲ ಬೇಕು. ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಜೊತೆ ಸೇರಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಿಂದ ಬೆಳೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ನಮ್ಮ ಶಿಕ್ಷಕರೇ ಕನ್ನಡದಲ್ಲಿ ಮಾಡಿಟ್ಟ ಸಾಮಗ್ರಿ ಇದೆ. ಶುರು ಮಾಡುವವರು ಮೊದಲು ಅಲ್ಲಿ ಹುಡುಕಲಿ.

ಮೊಬೈಲೇ ಅಳತೆಯ ಉಪಕರಣವಾದಾಗ

"ನನ್ನ ಮೊಬೈಲ್ ಒಂದೇ" ಎಂದವರಿಗೆ ಈ ಭಾಗ. ಫೋನಿನೊಳಗೆ ಮೈಕು, ಕ್ಯಾಮೆರಾ, ವೇಗೋತ್ಕರ್ಷ ಅಳೆಯುವ ಸೆನ್ಸರ್ ಎಲ್ಲ ಇವೆ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಬಿಡುಗಡೆ ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಅವನ್ನೆಲ್ಲ ಪ್ರಯೋಗಕ್ಕೆ ಒದಗಿಸುತ್ತದೆ. ನೆಟ್ ಬೇಡ.

ಶಬ್ದದ ವೇಗ ಅಳೆಯುವ ಪ್ರಯೋಗವನ್ನು ಒಮ್ಮೆ ಮಾಡಿಸಿ. ಇನ್ನೊಬ್ಬ ಶಿಕ್ಷಕರ ಫೋನನ್ನೂ ಕೇಳಿ ಪಡೆದು, ಎರಡನ್ನೂ ಜಗಲಿಯಲ್ಲಿ ಸರಿಯಾಗಿ ಐದು ಮೀಟರ್ ದೂರದಲ್ಲಿಡಿ. ಎರಡರಲ್ಲೂ ಶಬ್ದದಿಂದ ಓಡುವ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಬಳಿ ನಿಂತ ಮಗು ಚಪ್ಪಾಳೆ ತಟ್ಟಿದರೆ ಎರಡೂ ಗಡಿಯಾರ ಶುರುವಾಗುತ್ತವೆ, ದೂರದ್ದು ಒಂದಿಷ್ಟು ತಡವಾಗಿ. ಎರಡನೆಯ ಫೋನಿನ ಬಳಿಯ ಮಗು ತಟ್ಟಿದಾಗ ಎರಡೂ ನಿಲ್ಲುತ್ತವೆ, ಈಗ ಮೊದಲನೆಯದು ತಡವಾಗಿ. ಎರಡರ ಅಂಕಿಗಳ ವ್ಯತ್ಯಾಸ ಎಂದರೆ ಶಬ್ದ ಹತ್ತು ಮೀಟರ್ ಸಾಗಲು ತೆಗೆದುಕೊಂಡ ಕಾಲ. ಅದು ಸುಮಾರು 0.029 ಸೆಕೆಂಡ್ ಬರಬೇಕು. ಹತ್ತನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 345 ಮೀಟರ್ ಆಸುಪಾಸು. ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ ತಮ್ಮದೇ ಚಪ್ಪಾಳೆಯಿಂದ ಹೊರಬಂದಾಗ ಮಕ್ಕಳು ಇನ್ನೊಮ್ಮೆ, ಮತ್ತೊಮ್ಮೆ ಎನ್ನುತ್ತಾರೆ. ಪಕ್ಕದ ತರಗತಿಯ ಗಲಾಟೆಗೇ ಗಡಿಯಾರ ಓಡತೊಡಗಿದರೆ ಆ್ಯಪ್‌ನಲ್ಲಿ ಶಬ್ದದ ಮಿತಿಯನ್ನು ಸ್ವಲ್ಪ ಏರಿಸಿಕೊಳ್ಳಿ. ಪರದೆಯಲ್ಲಿ ಓದಬೇಕಾದದ್ದು ಅಂಕಿಯಷ್ಟೇ ಆದ್ದರಿಂದ ಭಾಷೆಯ ತೊಡಕೂ ಬರುವುದಿಲ್ಲ.

ಭಾಷೆ, ಸಮಾಜ ವಿಜ್ಞಾನದವರಿಗೆ ಇದಕ್ಕೂ ಸರಳವಾದದ್ದಿದೆ: ಧ್ವನಿ ಮುದ್ರಣ. ಗುಂಪಿಗೊಬ್ಬರಂತೆ ಊರಿನ ಹಿರಿಯರನ್ನು ಕೇಳಿ ಕೆರೆಯ ಕಥೆ, ಬೀಸುವ ಪದ, ಹಳೆಯ ಅಳತೆಗಳಾದ ಸೇರು, ಕೊಳಗ, ಖಂಡುಗದ ಲೆಕ್ಕ ಮುದ್ರಿಸಿಕೊಂಡು ಬರಲಿ. ತರಗತಿಯಲ್ಲಿ ಕೇಳಿಸಿಕೊಂಡು ಬರಹಕ್ಕಿಳಿಸಲಿ. ಮಾತನ್ನು ಅಕ್ಷರಕ್ಕೆ ತರುವಾಗ ಎಲ್ಲಿ ವಾಕ್ಯ ಮುಗಿಯುತ್ತದೆ, ಯಾವ ಪದವನ್ನು ಹೇಗೆ ಬರೆಯಬೇಕು ಎಂದು ಅವರು ನಡೆಸುವ ಚರ್ಚೆ ವ್ಯಾಕರಣದ ಯಾವ ಪಾಠಕ್ಕೂ ಕಡಿಮೆಯಲ್ಲ. ಮುದ್ರಿಸುವ ಮೊದಲು ಹಿರಿಯರ ಒಪ್ಪಿಗೆ ಕೇಳುವುದನ್ನೂ ಕಲಿಸಿ.

ಟ್ಯಾಬ್ ಮತ್ತು ಲ್ಯಾಬ್

ಟ್ಯಾಬ್ ಒಂದಕ್ಕೆ ಹತ್ತರಿಂದ ಹದಿನೈದು ಸಾವಿರ ಎಂದುಕೊಂಡರೂ ನಲವತ್ತೈದು ಮಕ್ಕಳಿಗೆ ತಲಾ ಒಂದು ಎಂಬುದು ಹೆಚ್ಚಿನ ಶಾಲೆಗಳಿಗೆ ನಿಲುಕದ ಮಾತು. ನಿಲುಕಿದರೂ ಬೇಡ ಎನ್ನುತ್ತೇನೆ. ಪ್ರತಿಯೊಬ್ಬರೂ ತಮ್ಮ ತಮ್ಮ ಪರದೆಯಲ್ಲಿ ಮುಳುಗಿದರೆ ಮಾತು ನಿಂತುಹೋಗುತ್ತದೆ. ಮೂರ್ನಾಲ್ಕು ಮಕ್ಕಳಿಗೆ ಒಂದು ಎಂಬುದೇ ಸರಿಯಾದ ಪ್ರಮಾಣ. ಒಬ್ಬರು ಮುಟ್ಟಲಿ, ಒಬ್ಬರು ಬರೆಯಲಿ, ಒಬ್ಬರು ಪ್ರಶ್ನೆ ಹಾಕಲಿ, ಹತ್ತು ನಿಮಿಷಕ್ಕೊಮ್ಮೆ ಬದಲಾಗಲಿ.

ನೆಟ್ ಇಲ್ಲದ ಕಡೆ ಕೊಲಿಬ್ರಿ ಎಂಬ ಉಚಿತ ತಂತ್ರಾಂಶ ನೆರವಿಗೆ ಬರುತ್ತದೆ. ಲ್ಯಾಬಿನ ಒಂದು ಹಳೆ ಕಂಪ್ಯೂಟರಿಗೆ ಪಾಠಗಳನ್ನು ಒಮ್ಮೆ ತುಂಬಿಸಿ ರೌಟರ್ ಜೋಡಿಸಿದರೆ ಉಳಿದ ಸಾಧನಗಳು ಅದರಿಂದಲೇ ಓದಿಕೊಳ್ಳುತ್ತವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನೂ ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಹೀಗೆಯೇ ಶಾಲೆಯೊಳಗೆ ಇಟ್ಟುಕೊಳ್ಳಬಹುದು. ಆದರೆ ನಿಮ್ಮ ತರಗತಿಗೆ, ನಿಮ್ಮ ಪಾಠಕ್ಕೆ ಕನ್ನಡದಲ್ಲಿ ಎಷ್ಟಿದೆ ಎಂದು ತೆರೆದು ನೋಡಿದ ಮೇಲೆಯೇ ಟ್ಯಾಬ್‌ಗೆ ದುಡ್ಡು ಹಾಕಿ.

ಚಿಕ್ಕ ತರಗತಿಗಳ ನಲಿ-ಕಲಿಯ ಶಿಕ್ಷಕರಿಗೆ ನನ್ನ ಸಲಹೆ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಿನಲ್ಲಿ ಕುಳಿತು ಕಾರ್ಡು ಹಿಡಿದು ತಮ್ಮದೇ ಮೆಟ್ಟಿಲು ಹತ್ತುತ್ತಾರೆ. ಅದು ಆಗಲೇ ಮಕ್ಕಳ ಪಾಠ. ಅಲ್ಲಿಗೆ ದೊಡ್ಡ ಪರದೆ ತಂದಿಟ್ಟರೆ ಬೇರೆ ಬೇರೆ ಮೆಟ್ಟಿಲಲ್ಲಿರುವ ಮಕ್ಕಳೆಲ್ಲ ಒಂದೇ ಕಡೆ ತಿರುಗಿ ಕೂರುತ್ತಾರೆ. ಆ ಕೋಣೆಗೆ ಒಂದು ಮೂಲೆಯಲ್ಲಿ ಕಥೆ ಕೇಳಿಸುವ ಸಣ್ಣ ಸ್ಪೀಕರ್, ಒಂದು ಗುಂಪಿಗೆ ಸಾಲುವಂತೆ ಎರಡು ಟ್ಯಾಬ್ ಇದ್ದರೆ ಹೆಚ್ಚು.

ವಿಡಿಯೊ ಮನೆಗೆ, ಚರ್ಚೆ ಶಾಲೆಗೆ

ಅಮೆರಿಕದ ಕೊಲೊರಾಡೊದ ಇಬ್ಬರು ರಸಾಯನಶಾಸ್ತ್ರ ಶಿಕ್ಷಕರು, ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್, 2007ರಲ್ಲಿ ಪಾಠವನ್ನು ವಿಡಿಯೊ ಮಾಡಿ ಕೊಟ್ಟು ತರಗತಿಯ ಸಮಯವನ್ನು ಪ್ರಯೋಗ, ಚರ್ಚೆಗೆ ಉಳಿಸಿಕೊಂಡ ವಿಧಾನ ಈಗ ಎಲ್ಲೆಡೆ ಹೆಸರಾಗಿದೆ. ನಮ್ಮಲ್ಲಿ ಇದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಡುವವರಿದ್ದಾರೆ. ಉಪಾಯ ಒಳ್ಳೆಯದೇ, ಆದರೆ ಮನೆಯಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ? ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗ್ಗೆ 2023ರ ಅಸರ್ ಎಂಬ ಶಿಕ್ಷಣ ಸಮೀಕ್ಷೆ ಹೇಳುವ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬಲ್ಲವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ ಶೇ. 43.7, ಹುಡುಗಿಯರಲ್ಲಿ ಶೇ. 19.8. ಅಪ್ಪ ಹೊಲದಿಂದಲೋ ಡ್ಯೂಟಿಯಿಂದಲೋ ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ಫೋನ್ ಸಿಗುವ ಮನೆಯಲ್ಲಿ ಅಣ್ಣನ ಸರದಿ ಮುಗಿದು ತಂಗಿಯ ಸರದಿ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿರುತ್ತದೆ. ವಿಡಿಯೊ ನೋಡದೆ ಬಂದವರಿಗೆ ಮಾರನೆಯ ದಿನದ ಚರ್ಚೆಯಲ್ಲಿ ಜಾಗವೇ ಇರುವುದಿಲ್ಲ. ವಸತಿ ಶಾಲೆಗಳಿಗೆ ಇದು ಸರಿಹೋಗುತ್ತದೆ. ಸಂಜೆಯ ಓದಿನ ವೇಳೆಯಲ್ಲಿ ಎಲ್ಲರೂ ಒಟ್ಟಿಗೆ ನೋಡಬಹುದು. ಬೇರೆ ಶಾಲೆಗಳಲ್ಲಿ ವಾರದ ಒಂದು ಪೀರಿಯಡ್ಡನ್ನು ನೋಡುವುದಕ್ಕೇ ಇಟ್ಟು, ಮುಂದಿನ ಎರಡನ್ನು ಮಾಡುವುದಕ್ಕೆ ಬಿಡುವುದು ನ್ಯಾಯ.

ಈಗ ನಿಮ್ಮ ಶಾಲೆಗೆ

ದುಡ್ಡೇ ಇಲ್ಲದಿದ್ದರೆ ಪ್ಲಿಕರ್ಸ್ ಕಾರ್ಡು ಮತ್ತು ಫೈಫಾಕ್ಸ್ ಇವೆರಡರಿಂದ ಶುರು ಮಾಡಿ. ವಾರಕ್ಕೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಸಾಕು. ಪ್ರಶ್ನೆ ತಯಾರಿಸಲು ಎಐ ಸಹಾಯಕನನ್ನು ಕೇಳಬಹುದು, ತಪ್ಪಿಲ್ಲ. ಆದರೆ ಅದು ಕೊಡುವ ಕನ್ನಡದ ಪಾರಿಭಾಷಿಕ ಪದಗಳನ್ನೂ ಉತ್ತರವನ್ನೂ ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬೇಕು. ಮಕ್ಕಳ ತಪ್ಪು ಕಲ್ಪನೆಗಳು ಯಾವುವು ಎಂಬುದು ಅದಕ್ಕಿಂತ ನಿಮಗೇ ಚೆನ್ನಾಗಿ ಗೊತ್ತು. ಹಳೆಯ ಉತ್ತರ ಪತ್ರಿಕೆಗಳಲ್ಲೇ ಅವೆಲ್ಲ ಇವೆ.

ಇಪ್ಪತ್ತೈದು, ಮೂವತ್ತು ಸಾವಿರ ಇದ್ದರೆ, ಮತ್ತು ಕಂಪ್ಯೂಟರ್ ಆಗಲೇ ಇದ್ದರೆ, ಒಂದು ಟಿ.ವಿ. ತನ್ನಿ. ಪರದೆ ಚಿಕ್ಕದೆನಿಸಿದರೆ ಬೆಂಚುಗಳನ್ನು ಅರ್ಧ ಚಂದ್ರದಂತೆ ಹತ್ತಿರಕ್ಕೆ ಎಳೆದುಕೊಳ್ಳಿ, ಅಕ್ಷರ ಕಡಿಮೆ ಮಾಡಿ ಚಿತ್ರ ಹೆಚ್ಚು ತೋರಿಸಿ. ಕತ್ತಲೆ ಮಾಡಬಹುದಾದ ಹಾಲ್ ಇದ್ದರೆ ಮಾತ್ರ ಪ್ರೊಜೆಕ್ಟರ್.

ಅರವತ್ತು ಸಾವಿರದ ಗೆಳೆಯರಿಗೆ ನನ್ನ ಆಯ್ಕೆ: ಒಂದು ಟಿ.ವಿ., ಉಳಿದ ದುಡ್ಡಿಗೆ ವಾರಂಟಿ ಇರುವ ಮೂರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದರಲ್ಲಿ ಉಚಿತವಾದ ಉಬುಂಟು ಕಾರ್ಯಾಚರಣ ವ್ಯವಸ್ಥೆ. ಸೆಲ್ಲು, ಬಲ್ಬು, ತಂತಿಗೆಂದು ಒಂದು ಸಾವಿರ ಬೇರೆ ತೆಗೆದಿಡಿ. ನಲವತ್ತೈದು ಮಕ್ಕಳನ್ನು ಐದೈದರ ಒಂಬತ್ತು ಗುಂಪು ಮಾಡಿ: ಮೂರು ಗುಂಪು ಲ್ಯಾಪ್‌ಟಾಪ್‌ನಲ್ಲಿ ಫೆಟ್, ಮೂರು ಗುಂಪು ನಿಜವಾದ ಸೆಲ್ಲು ಬಲ್ಬಿನಲ್ಲಿ, ಮೂರು ಗುಂಪು ಊಹೆ ಬರೆದು ಮಂಡಲದ ಚಿತ್ರ ಬಿಡಿಸುವುದರಲ್ಲಿ. ಹನ್ನೆರಡು ನಿಮಿಷಕ್ಕೊಮ್ಮೆ ಬದಲಾದರೆ 36 ನಿಮಿಷ. ಜಾಗ ಬದಲಿಸುವ ಗದ್ದಲವನ್ನೂ ಲೆಕ್ಕ ಹಿಡಿದರೆ ಎರಡು ಪೀರಿಯಡ್ ಜೋಡಿಸಿಕೊಳ್ಳುವುದು ಒಳ್ಳೆಯದು, ವೇಳಾಪಟ್ಟಿ ಮಾಡುವವರನ್ನು ಮೊದಲೇ ಕೇಳಿಡಿ. ಟ್ಯಾಬ್ ಕೇಳಿದ ಗಣಿತದ ಮೇಡಂಗೆ ಅದೇ ಲ್ಯಾಪ್‌ಟಾಪ್‌ಗಳಲ್ಲಿ ಜಿಯೋಜೀಬ್ರಾ ಸಿಗುತ್ತದೆ, ಕೀಬೋರ್ಡ್ ಕೂಡ ಇರುವುದರಿಂದ ಕನ್ನಡದವರಿಗೆ ಬರೆಯಿಸಲೂ ಆಗುತ್ತದೆ.

ಒಂದೂವರೆ ಲಕ್ಷ ದಾಟಿದರೆ ಹತ್ತು ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಒಂದು ಕಡೆ, ಪ್ಯಾನೆಲ್ ಇನ್ನೊಂದು ಕಡೆ. ಒಂದೇ ಕೋಣೆಯಲ್ಲಿ ದಿನವಿಡೀ ಬೇರೆ ಬೇರೆ ವಿಷಯದವರು ಬಂದು ಪಾಠ ಮಾಡುವಂತಿದ್ದರೆ, ಎಲ್ಲರಿಗೂ ತರಬೇತಿ ಸಿಗುವಂತಿದ್ದರೆ, ಕೆಟ್ಟಾಗ ಬರುವ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೇ ಇದ್ದರೆ ಪ್ಯಾನೆಲ್ ಸಮರ್ಥನೀಯ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಹತ್ತು ಸಾಧನಗಳನ್ನೇ ಆರಿಸಿ. ಹತ್ತರಲ್ಲಿ ಒಂದು ಕೆಟ್ಟರೆ ಒಂಬತ್ತು ಉಳಿಯುತ್ತವೆ, ಪ್ಯಾನೆಲ್ ಕೆಟ್ಟರೆ ಗೋಡೆ ಉಳಿಯುತ್ತದೆ.

ಯಾವುದನ್ನೇ ಕೊಳ್ಳಿ, ಶೋರೂಮಿನಲ್ಲಿ ನೋಡಿ ಒಪ್ಪಬೇಡಿ. ಮಾರುವವರನ್ನು ಶಾಲೆಗೇ ಕರೆಸಿ, ಮಧ್ಯಾಹ್ನದ ಹೊತ್ತಿನಲ್ಲಿ, ಕಿಟಕಿ ತೆರೆದಿರುವಾಗ, ನಿಮ್ಮ ಪಾಠದ್ದೇ ಒಂದು ಪುಟ ಹಾಕಿ ತೋರಿಸಲು ಹೇಳಿ. ಕೊನೆಯ ಬೆಂಚಿನ ಮಗುವಿನ ಕೈಲಿ ಗಟ್ಟಿಯಾಗಿ ಓದಿಸಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ರಿಪೇರಿಗೆ ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದನ್ನು ಬಿಲ್ಲಿನ ಮೇಲೇ ಬರೆಸಿಕೊಂಡು ಸಹಿ ಹಾಕಿಸಿ. ಬರೆದುಕೊಡಲು ಹಿಂದೇಟು ಹಾಕಿದರೆ ಇನ್ನೊಂದು ಅಂಗಡಿಯವರನ್ನು ಕರೆಯಿರಿ.